ಗುರುತು ಅದೇ, ಫೋಟೋ ಬೇರೆ

2018ರ ವಿಧಾನಸಭೆ ಚುನಾವಣೆಯಲ್ಲಿ ಅಥಣಿಯಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿಯವರು ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. ಪಕ್ಕದ ಕಾಗವಾಡದಲ್ಲಿ ಕಾಂಗ್ರೆಸ್ಸಿನ ಶ್ರೀಮಂತ ಪಾಟೀಲರು ಬಿಜೆಪಿಯ ರಾಜು ಕಾಗೆಯವರನ್ನು ಸೋಲಿಸಿದರು. 2023ರಲ್ಲಿ ಅದೇ ಅಥಣಿಯಲ್ಲಿ ಕಾಂಗ್ರೆಸ್ಸಿನ ಲಕ್ಷ್ಮಣ ಸವದಿಯವರು ಬಿಜೆಪಿಯ ಮಹೇಶ ಕುಮಠಳ್ಳಿಯವರನ್ನು ಸೋಲಿಸಿದರು. ಅದೇ ಕಾಗವಾಡದಲ್ಲಿ ಕಾಂಗ್ರೆಸ್ಸಿನ ರಾಜು ಕಾಗೆಯವರು ಬಿಜೆಪಿಯ ಶ್ರೀಮಂತ ಪಾಟೀಲರನ್ನು ಸೋಲಿಸಿದರು. ಹೊರಗಿನವರಿಗೆ ಇದನ್ನು ಬರೆದು ತೋರಿಸಿದರೆ ಹೆಸರುಗಳು ಅದಲುಬದಲಾಗಿ ಅಚ್ಚಾಗಿವೆ ಅನ್ನುತ್ತಾರೆ. ಹಾಗೇನೂ ಆಗಿಲ್ಲ. ಅಥಣಿಯಲ್ಲಿ ಎರಡೂ ಸಲ ಕಾಂಗ್ರೆಸ್ಸಿನ ಕರಪತ್ರಗಳಲ್ಲಿ ಒಂದಷ್ಟನ್ನು ಅಚ್ಚು ಹಾಕಿದವನು ನಾನೇ. ಎರಡೂ ಸಲ ಹಸ್ತದ ಗುರುತಿನ ಬಟನ್ ಒತ್ತಿದವನೂ ನಾನೇ.

ಅಥಣಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಸೊಸೈಟಿಗಳ ವಾರ್ಷಿಕ ವರದಿ, ಇವೇ ನಮ್ಮ ಹೊಟ್ಟೆಪಾಡು. ಹುಟ್ಟಿದ್ದು ನಿಪ್ಪಾಣಿಯಲ್ಲಿ. ಅವ್ವ ಅಲ್ಲಿನ ತಂಬಾಕಿನ ವಖಾರಿಯಲ್ಲಿ ಜರಡಿ ಹಿಡಿಯುತ್ತಿದ್ದಳು. ಮೂಗು ಬಾಯಿಗೆ ಬಟ್ಟೆ ಬಿಗಿದುಕೊಂಡು ದಿನವಿಡೀ ಆ ಧೂಳಿನಲ್ಲಿ ಕೂತವಳು ಸಂಜೆ ಮನೆಗೆ ಬಂದು ಸೀರೆ ಝಾಡಿಸಿದರೆ ಪಡಸಾಲೆಯಲ್ಲಿದ್ದ ನಾವೆಲ್ಲ ಸೀನುತ್ತಿದ್ದೆವು. ರಾತ್ರಿ ಅವಳ ಕೆಮ್ಮು ನಿಲ್ಲುತ್ತಿರಲಿಲ್ಲ. 1980ರ ಆಚೀಚೆ ಆ ಹೆಂಗಸರು ಸಂಘ ಕಟ್ಟಿ ಕೂಲಿ ಕೇಳಿದರು. ಅವರ ಹೋರಾಟದ ಮೇಲೆ ದೀಪಾ ಧನರಾಜ್ ಇದ್ದ ಯುಗಾಂತರ್ ಎಂಬ ತಂಡ 1982ರಲ್ಲಿ ಸಾಕ್ಷ್ಯಚಿತ್ರವನ್ನೂ ಮಾಡಿತು. ಅದರ ಹಿಂದಿನ ವರ್ಷ, 1981ರಲ್ಲಿ, ತಂಬಾಕಿಗೆ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ವಾರಗಟ್ಟಲೆ ಕೂತರು. ಏಪ್ರಿಲ್ 6ರಂದು ಗೋಲಿಬಾರ್ ಆಗಿ ರೈತರು ಸತ್ತರು. ಆಗ ಇದ್ದದ್ದು ಗುಂಡೂರಾಯರ ಕಾಂಗ್ರೆಸ್ ಸರ್ಕಾರ. ನಾನು ಹೈಸ್ಕೂಲು ಮುಗಿಸುತ್ತಿದ್ದ ಹುಡುಗ. ಆಮೇಲೆ ಎಷ್ಟೋ ವರ್ಷ ನಮ್ಮ ಓಣಿಯಲ್ಲಿ ಹಸ್ತದ ಗುರುತಿನವರು ಬಂದರೆ ಯಾರೂ ಕಟ್ಟೆಯ ಮೇಲೆ ಕೂಡಿಸಿಕೊಳ್ಳುತ್ತಿರಲಿಲ್ಲ.

ಅಂಥ ಓಣಿಯಿಂದ ಬಂದವನು ಕಾಂಗ್ರೆಸ್ಸನ್ನು ನನ್ನ ಪಕ್ಷ ಅಂದುಕೊಂಡದ್ದು ಹೇಗೆ? ಒಂದೇ ದಿನ ಆದದ್ದಲ್ಲ. ನಾವು ಜನತಾ ಪರಿವಾರದ ಕಡೆಗಿದ್ದವರು. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಲೇ ಲಂಕೇಶ್ ಪತ್ರಿಕೆ ಓದುತ್ತಿದ್ದೆವು. ಜನತಾದಳ ಒಡೆದು ಚೂರಾಯಿತು. ನಮ್ಮ ಚಿಕ್ಕೋಡಿ ಲೋಕಸಭಾ ಕ್ಷೇತ್ರವೇ ಆ ಒಡಕಿನ ಲೆಕ್ಕ ಹೇಳುತ್ತದೆ. ಬಿ. ಶಂಕರಾನಂದರು 1967ರಿಂದ ಸತತವಾಗಿ ಗೆದ್ದ ಈ ಸೀಟನ್ನು 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ ಕಿತ್ತುಕೊಂಡರು. ಆಮೇಲೆ ರಮೇಶ ಜಿಗಜಿಣಗಿಯವರು ಲೋಕಶಕ್ತಿಯಿಂದ ಒಮ್ಮೆ, ಸಂಯುಕ್ತ ಜನತಾದಳದಿಂದ ಒಮ್ಮೆ, ಬಿಜೆಪಿಯಿಂದ ಒಮ್ಮೆ ಗೆದ್ದರು. ನಮ್ಮವರು ಅಂದುಕೊಂಡಿದ್ದ ಮತಗಳು ಕಣ್ಣೆದುರೇ ಆ ಕಡೆ ಹೋದವು. 2006ರಲ್ಲಿ ಸಿದ್ದರಾಮಯ್ಯನವರು ಅಹಿಂದ ಹಿಡಿದುಕೊಂಡು ಕಾಂಗ್ರೆಸ್ಸಿಗೆ ಹೋದಾಗ ನಮ್ಮಂಥವರು ಅವರ ಹಿಂದೆ ಹೋದೆವು. 2013ರಲ್ಲಿ ಅವರ ಸರ್ಕಾರ ಬಂತು, ಅನ್ನಭಾಗ್ಯ ಬಂತು, ಪರಿಶಿಷ್ಟರ ಪಾಲಿನ ಹಣ ಪರಿಶಿಷ್ಟರಿಗೇ ಖರ್ಚಾಗಬೇಕೆಂಬ ಕಾಯ್ದೆ ಬಂತು. ಅವ್ವ ಆಗಿನ್ನೂ ಇದ್ದಳು. ರೇಷನ್ ಅಕ್ಕಿಯ ಚೀಲ ಮುಟ್ಟಿ ನೋಡಿ, "ಇವಾ ಹಸಿವಿ ಕಂಡಂವ ಇದ್ದಾನ" ಅಂದಿದ್ದಳು. ಗೋಲಿಬಾರಿನ ಸಿಟ್ಟನ್ನು ಬದುಕಿಡೀ ಇಟ್ಟುಕೊಂಡವಳು ಅಷ್ಟು ಹೇಳಿದ್ದು ನನಗೆ ದೊಡ್ಡ ಮಾತು.

ಇನ್ನೊಂದು ಕಾರಣವೂ ಇತ್ತು. ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಡಿಸೆಂಬರ್ 6ರಂದು, ಅಂಬೇಡ್ಕರರ ಪರಿನಿಬ್ಬಾಣದ ದಿನ, ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿಯವರು ಮಾನವ ಬಂಧುತ್ವ ವೇದಿಕೆಯಿಂದ ಮೂಢನಂಬಿಕೆ ವಿರೋಧಿ ಕಾರ್ಯಕ್ರಮ ಶುರು ಮಾಡಿದರು. ಹೆಣ ಸುಡುವ ಜಾಗದಲ್ಲಿ ಊಟ ಹಾಕಿಸಿದರು. ಅಧಿಕಾರದಲ್ಲಿದ್ದವರೊಬ್ಬರು ಹಾಗೆ ಮಾಡಿದ್ದನ್ನು ನಮ್ಮ ಭಾಗದಲ್ಲಿ ಯಾರೂ ಕಂಡಿರಲಿಲ್ಲ. ನಾನೂ ಹೋಗಿದ್ದೆ. ನಿಪ್ಪಾಣಿಯಿಂದ ಬಸ್ಸು ಹತ್ತಿದರೆ ಒಂದು ತಾಸಿನಲ್ಲಿ ಸಿಗುವ ಕೊಲ್ಹಾಪುರದಲ್ಲಿ 2015ರ ಫೆಬ್ರವರಿಯಲ್ಲಿ ವಿಚಾರವಾದಿ ಗೋವಿಂದ ಪಾನ್ಸರೆಯವರಿಗೆ ಗುಂಡು ಹೊಡೆದರು. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರಿಗೆ ಹೊಡೆದರು. ಎರಡೂ ಕಡೆಯ ನಡುವೆ ಬದುಕುವ ನಮಗೆ ಸ್ಮಶಾನದ ಆ ಊಟದ ಪಂಕ್ತಿಯಲ್ಲಿ ಕೂತಾಗ ಒಂದು ಪಕ್ಷ ನಮ್ಮ ಬೆನ್ನಿಗಿದೆ ಅನ್ನಿಸುತ್ತಿತ್ತು. ಆ ಭಾವನೆ ಸುಳ್ಳಾಗಿತ್ತು ಎಂದು ನಾನು ಇವತ್ತೂ ಹೇಳುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು 2019ರಲ್ಲಿ. ಜುಲೈಯಲ್ಲಿ ನಮ್ಮ ಶಾಸಕರೂ ಕಾಗವಾಡದ ಶಾಸಕರೂ ಬಂಡೆದ್ದ ಉಳಿದ ಶಾಸಕರೊಂದಿಗೆ ಮುಂಬೈಗೆ ಹೋಗಿ ಕೂತರು. ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ ಇವರನ್ನೆಲ್ಲ ಅನರ್ಹಗೊಳಿಸಿದರು. ಅದು ಕಾನೂನಿನ ಮಾತು. ನಮ್ಮ ಊರಿನ ಮಾತು ಬೇರೆ ಇದೆ. ಜುಲೈ ಕೊನೆಗೆ ಅನರ್ಹತೆ, ಆಗಸ್ಟ್ ಮೊದಲ ವಾರದಲ್ಲಿ ಕೃಷ್ಣೆಗೆ ಮಹಾಪೂರ. ಅಥಣಿ ತಾಲ್ಲೂಕಿನ ಸತ್ತಿ, ನದಿ ಇಂಗಳಗಾಂವ, ಹುಲಗಬಾಳಿ, ಕಾಗವಾಡ ಕಡೆಯ ಜುಗೂಳ, ಮಂಗಾವತಿ, ಕೃಷ್ಣಾ ಕಿತ್ತೂರು ನೀರಲ್ಲಿ ನಿಂತವು. ಆ ಹೊತ್ತಿಗೆ ಎರಡೂ ಕ್ಷೇತ್ರಗಳಿಗೆ ಶಾಸಕರೇ ಇರಲಿಲ್ಲ. ರಾಜ್ಯದಲ್ಲಿ ಮಂತ್ರಿಮಂಡಲವೂ ಇರಲಿಲ್ಲ, ಮುಖ್ಯಮಂತ್ರಿ ಯಡಿಯೂರಪ್ಪನವರೊಬ್ಬರೇ ಇದ್ದರು. ನಮ್ಮ ಪ್ರೆಸ್ಸಿನ ಹುಡುಗನ ಮನೆ ನದಿ ದಂಡೆಯ ಊರಲ್ಲಿತ್ತು. ಎಮ್ಮೆ ಬಿಚ್ಚಿ ಓಡಿಸಿ, ಅಜ್ಜಿಯನ್ನು ಹೆಗಲ ಮೇಲೆ ಹೊತ್ತು ತಂದು ಶಾಲೆಯ ಗಂಜಿ ಕೇಂದ್ರದಲ್ಲಿ ಕೂಡಿಸಿ, ನನಗೆ ಫೋನು ಮಾಡಿ ಕೇಳಿದ: "ಕಾಕಾ, ನಾವು ಯಾರಿಗೆ ಫೋನ್ ಮಾಡಬೇಕ್ರಿ?" ಅವನಿಗೆ ತಹಶೀಲ್ದಾರ್ ಆಫೀಸಿನ ನಂಬರ್ ಕೊಟ್ಟೆ. ಅವನು ಕೇಳಿದ್ದು ಆ ನಂಬರಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್ 5ರಂದು ಉಪಚುನಾವಣೆ. ಇಬ್ಬರೂ ಕಮಲದ ಗುರುತಿನಲ್ಲಿ ನಿಂತು ಗೆದ್ದರು. ಕುಮಠಳ್ಳಿಯವರು ಹಸ್ತದಲ್ಲಿ ಗೆದ್ದದ್ದು ಎರಡು ಸಾವಿರದ ಚಿಲ್ಲರೆ ಅಂತರದಿಂದ, ಕಮಲದಲ್ಲಿ ಗೆದ್ದದ್ದು ಹೆಚ್ಚುಕಡಿಮೆ ನಲವತ್ತು ಸಾವಿರದಿಂದ. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ, ಕಾಂಗ್ರೆಸ್ ಸರ್ಕಾರದ ಕಾಲದಲ್ಲೇ. ಮೂವತ್ತನಾಲ್ಕು ವರ್ಷದ ಆ ಕಾಯ್ದೆ ನಮ್ಮ ತಾಲ್ಲೂಕಿನಲ್ಲಿ ನಾಲ್ಕು ತಿಂಗಳು ಸೀಟು ಖಾಲಿ ಇಡುವುದಕ್ಕಷ್ಟೇ ಉಪಯೋಗವಾಯಿತು.

ಆದರೆ ಬಿಟ್ಟು ಹೋದವರ ಮೇಲೆ ಸಿಟ್ಟು ಮಾಡುವುದು ಸುಲಭ. ನಿಜವಾಗಿ ನನ್ನನ್ನು ಕಲಕಿದ್ದು ಒಳಗೆ ಬಂದವರ ವಿಷಯ.

ಉಪಚುನಾವಣೆಯ ಹೊತ್ತಿಗೆ ನಾವು ಹಾಕಿದ್ದ ಕರಪತ್ರದ ಕೋರಲ್ ಫೈಲು ನನ್ನ ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಮೇಲೆ ಹಸ್ತದ ಗುರುತು, ಬಲಕ್ಕೆ ಅಭ್ಯರ್ಥಿಯ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ, ಪಕ್ಷಕ್ಕೆ ದ್ರೋಹ ಮಾಡಿದವರಿಗೆ ಪಾಠ ಕಲಿಸಿ ಎಂಬ ಸಾಲು, ಅದರ ಕೆಳಗೆ ಸಂವಿಧಾನ, ಸಾಮಾಜಿಕ ನ್ಯಾಯ, ಬಸವಣ್ಣ, ಅಂಬೇಡ್ಕರ್. ತುದಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಕರ ಹೆಸರು, ಪ್ರಕಾಶಕರ ಹೆಸರು, ಪ್ರತಿಗಳ ಸಂಖ್ಯೆ. ಚುನಾವಣೆಯ ಕರಪತ್ರವಾದರೆ ಇದಿಲ್ಲದೆ ಅಚ್ಚು ಹಾಕುವಂತಿಲ್ಲ, ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಮುದ್ರಕನಿಗೂ ಶಿಕ್ಷೆಯುಂಟು. ಪ್ರಕಾಶಕರು ಇಬ್ಬರ ಸಾಕ್ಷಿ ಸಹಿಯೊಂದಿಗೆ ಘೋಷಣಾ ಪತ್ರ ಕೊಡಬೇಕು, ನಾವು ಅದರೊಂದಿಗೆ ಅಚ್ಚಾದ ಪ್ರತಿಯನ್ನು ಚುನಾವಣಾ ಕಚೇರಿಗೆ ತಲುಪಿಸಬೇಕು. ಹಾಗಾಗಿ ಕರಪತ್ರದಲ್ಲಿ ಏನಿದೆಯೋ ಅದಕ್ಕೆ ನನ್ನ ಹೆಸರೂ ಜವಾಬು. ಅದನ್ನು ನಾನು ಯಾವತ್ತೂ ಹಗುರವಾಗಿ ತೆಗೆದುಕೊಂಡಿಲ್ಲ.

2023ರ ಏಪ್ರಿಲ್‌ನಲ್ಲಿ ಬಿಜೆಪಿ ಟಿಕೆಟ್ ಕೊಡಲಿಲ್ಲವೆಂದು ಲಕ್ಷ್ಮಣ ಸವದಿಯವರು ಕಾಂಗ್ರೆಸ್ ಸೇರಿದರು. ಮೂರು ಸಲ ಬಿಜೆಪಿಯ ಶಾಸಕರಾಗಿದ್ದವರು, 2018ರಲ್ಲಿ ಸೋತಿದ್ದರೂ 2019ರಲ್ಲಿ ಉಪಮುಖ್ಯಮಂತ್ರಿಯಾದವರು. 2012ರ ಫೆಬ್ರವರಿಯಲ್ಲಿ, ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡಿದ ಆರೋಪ ಬಂದು ಅವರು ಮಂತ್ರಿ ಸ್ಥಾನ ಬಿಟ್ಟಾಗ, ಅವರ ವಿರುದ್ಧ ದೊಡ್ಡ ದನಿಯಲ್ಲಿ ಮಾತಾಡಿದ್ದು ನಮ್ಮದೇ ಪಕ್ಷ. ಈಗ ಅವರಿಗೆ ನಮ್ಮ ಗುರುತು. ಪ್ರೆಸ್ಸಿಗೆ ಬಂದ ತಾಲ್ಲೂಕಿನ ಮುಖಂಡರೊಬ್ಬರು ಹಳೆಯ ಫೈಲನ್ನೇ ತೆರೆಯಲು ಹೇಳಿದರು. ಫೋಟೋ ಬದಲಿಸಿದೆವು. ಆಮೇಲೆ ಅವರು ಪರದೆಯ ಮೇಲೆ ಬೆರಳಿಟ್ಟು, "ಈ ಸಾಲು ತಗದು ಬಿಡ್ರಿ. ಪಾಠ ಕಲಿಸಿ ಅಂದ್ರ ಈಗ ಮಂದಿ ಎರಡೂ ಕಡೆ ನೋಡ್ತಾರ" ಅಂದರು. ತೆಗೆದೆ. ಅಲ್ಲೊಂದು ಖಾಲಿ ಜಾಗ ಬಿತ್ತು. ಬಸವಣ್ಣನ ಚಿತ್ರವನ್ನು ಸ್ವಲ್ಪ ದೊಡ್ಡದು ಮಾಡಿ ಜಾಗ ತುಂಬಿಸಿ ಎಂದರು.

ನಾನು ಕೇಳಿದೆ: "ಅಣ್ಣಾರ, 2018ರಾಗ ಇವರನ್ನ ಸೋಲಸ್ರಿ ಅಂತ ಮನಿಮನಿ ಹೋಗಿದ್ವಿ. ಈಗ ಅದs ಮನಿಗೆ ಹೋಗಿ ಏನ್ ಹೇಳೂಣು?"

"ಬಿಜೆಪಿ ಬರಬಾರದು ಅಂತ ಹೇಳೂದ್ರಿ. ಮತ್ತೇನು?"

ಅವರು ಹೇಳಿದ್ದು ಕೆಲಸ ಮಾಡಿತು. ಸವದಿಯವರು 76 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಸವದಿಯವರು ಕೆಲಸ ಮಾಡುವವರು, ಜನರ ಕೈಗೆ ಸಿಗುವವರು ಅನ್ನುವ ಮಾತು ತಾಲ್ಲೂಕಿನಲ್ಲಿ ಮೊದಲಿಂದಲೂ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಪ್ರಶ್ನೆ ಅವರನ್ನು ಕುರಿತದ್ದಲ್ಲ, ಪಕ್ಷವನ್ನು ಕುರಿತದ್ದು. ಆ ಐದು ವರ್ಷ ಪೊಲೀಸರ ಕೇಸು ಮೈಮೇಲೆ ಹಾಕಿಸಿಕೊಂಡು, ಸೊಸೈಟಿಯಲ್ಲಿ ಸಾಲ ತಪ್ಪಿಸಿಕೊಂಡು, ಬೂತಿನಲ್ಲಿ ಕೂತ ಹುಡುಗರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಎಲ್ಲಿ ಹೋದಾರು ಇವರು ಎಂಬ ಧೈರ್ಯ ಪಕ್ಷಕ್ಕಿತ್ತು. ಆ ಧೈರ್ಯ ಸರಿಯಾದದ್ದೇ, ನಾವು ಎಲ್ಲಿಗೂ ಹೋಗಲಿಲ್ಲ. ನಾನು ಕಲಿತದ್ದರಲ್ಲಿ ಬಹಳ ಮುಖ್ಯವಾದದ್ದು ಇದೇ: ಖಾತ್ರಿಯಾದ ಮತವನ್ನು ಯಾರೂ ಬಂದು ಕೇಳುವುದಿಲ್ಲ.

ಅಲ್ಲಿಂದ ಮುಂದೆ ಎಲ್ಲವನ್ನೂ ಬೇರೆ ಕಣ್ಣಿಂದ ನೋಡತೊಡಗಿದೆ. 2022ರ ನವೆಂಬರಿನಲ್ಲಿ ನಿಪ್ಪಾಣಿಯಲ್ಲಿ ನಡೆದದ್ದೂ ಆಗ ಬೇರೆಯಾಗಿ ಕಂಡಿತು. ನಾನು ಹುಟ್ಟಿದ ಊರು, 1925ರಲ್ಲಿ ಅಂಬೇಡ್ಕರರು ಬಂದು ಬಹಿಷ್ಕೃತರ ಸಮ್ಮೇಳನದಲ್ಲಿ ಮಾತಾಡಿದ ಊರು. ಅಲ್ಲಿ ಬಂಧುತ್ವ ವೇದಿಕೆಯ ಸಭೆಯಲ್ಲಿ ಸತೀಶ ಜಾರಕಿಹೊಳಿಯವರು ಹಿಂದೂ ಪದದ ಮೂಲದ ಬಗ್ಗೆ ಆಡಿದ ಮಾತು ದೇಶದ ತುಂಬ ಸುದ್ದಿಯಾಯಿತು. ಆ ಮಾತು ಸರಿಯೋ ತಪ್ಪೋ ಎಂದು ಪಕ್ಷದೊಳಗೆ ಯಾರೂ ಚರ್ಚೆ ಮಾಡಲಿಲ್ಲ. ದೆಹಲಿಯಿಂದ ಖಂಡನೆ ಬಂತು, ರಾಜ್ಯಾಧ್ಯಕ್ಷರು ಒಪ್ಪುವುದಿಲ್ಲ ಅಂದರು, ಮೂರ್ನಾಲ್ಕು ದಿನದಲ್ಲಿ ಜಾರಕಿಹೊಳಿಯವರು ಹೇಳಿಕೆ ಹಿಂದಕ್ಕೆ ಪಡೆದರು. ಚುನಾವಣೆ ಹತ್ತಿರ ಇತ್ತು, ಅರ್ಥವಾಗುತ್ತದೆ. ಆದರೆ ಆ ದಿನ ಸಭಾಂಗಣದಲ್ಲಿ ಕೂತಿದ್ದ ನೂರಾರು ಹುಡುಗ ಹುಡುಗಿಯರಿಗೆ ಪಕ್ಷ ಏನು ಹೇಳಿತು? ನಿಮ್ಮ ವಿಚಾರ ಸಭಾಂಗಣಕ್ಕೆ, ನಿಮ್ಮ ಮತ ನಮಗೆ ಎಂದೇ ಅಲ್ಲವೆ?

ಸರ್ಕಾರ ಬಂದ ಮೇಲೂ ಅದೇ ನಡೆಯಿತು. 2015ರಲ್ಲಿ ಮನೆಮನೆಗೆ ಹೋಗಿ ಮಾಡಿದ ಜಾತಿ ಸಮೀಕ್ಷೆಯ ವರದಿ 2024ರ ಫೆಬ್ರವರಿ 29ರಂದು ಸರ್ಕಾರದ ಕೈಸೇರಿತು. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಕೂತು ಹೊಸದಾಗಿ ಎಣಿಸೋಣ ಎಂದು ತೀರ್ಮಾನಿಸಿದರು. 2013ರಲ್ಲಿ ತಾವೇ ತಂದ ಪರಿಶಿಷ್ಟರ ಉಪಯೋಜನೆಯ ಕಾಯ್ದೆಯಲ್ಲಿ ಹಣ ಬೇರೆಡೆ ತಿರುಗಿಸಲು ದಾರಿಯಾಗಿದ್ದ 7ಡಿ ಕಲಮನ್ನು 2023ರಲ್ಲಿ ತೆಗೆದುಹಾಕಿದಾಗ ನಾವು ಹಿಗ್ಗಿದೆವು. ಅದೇ ವರ್ಷ ಆ ಯೋಜನೆಯ ಸುಮಾರು 11,000 ಕೋಟಿ ರೂಪಾಯಿಯನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಸೇರಿಸಿದರು. ಗ್ಯಾರಂಟಿಯ ಫಲ ಪರಿಶಿಷ್ಟರಿಗೂ ಸಿಗುತ್ತದೆ ಎನ್ನುವುದು ಸರ್ಕಾರದ ಸಮಜಾಯಿಷಿ. ರಾಯಬಾಗ ತಾಲ್ಲೂಕಿನವನಾದ ನನ್ನ ಅಳಿಯ ದಲಿತ ಸಂಘಟನೆಯಲ್ಲಿ ಓಡಾಡುವವನು. ಅವನು ಅದಕ್ಕೆ ಹೇಳಿದ ಉತ್ತರ ಇಷ್ಟು: "ಮಾಮಾ, ಎರಡು ಸಾವಿರ ಎಲ್ಲಾರಿಗೂ ಬರ್ತೈತಿ, ಬರಲಿ. ಆದ್ರ ನಮ್ಮ ಕೇರಿಯ ಗಟಾರದ ರೊಕ್ಕದಾಗಿಂದ ಯಾಕ ಕೊಡ್ತಾರ?"

ರಾಯಬಾಗದ ಮಾತು ಬಂದದ್ದರಿಂದ ಹೇಳುತ್ತೇನೆ. ಅದು ಮೀಸಲು ಕ್ಷೇತ್ರ. 2008ರಿಂದ ಬಿಜೆಪಿಯ ದುರ್ಯೋಧನ ಐಹೊಳೆಯವರೇ ಗೆಲ್ಲುತ್ತಿದ್ದಾರೆ. 2023ರಲ್ಲಿ ರಾಜ್ಯದ ತುಂಬ ಕಾಂಗ್ರೆಸ್ ಗಾಳಿ ಬೀಸಿದಾಗ ಅಲ್ಲಿ ಕಾಂಗ್ರೆಸ್ ಮೂರನೆಯ ಸ್ಥಾನಕ್ಕೆ ಇಳಿಯಿತು. ಗೆಲುವಿನ ಹತ್ತಿರ ಬಂದವರು ಪಕ್ಷೇತರರಾಗಿ ನಿಂತ ನಿವೃತ್ತ ಐಎಎಸ್ ಅಧಿಕಾರಿ ಶಂಭು ಕಲ್ಲೋಳಿಕರ. ನಿಪ್ಪಾಣಿಯಲ್ಲೂ ಕಾಂಗ್ರೆಸ್ ಮೂರನೆಯದೇ, ಬಿಜೆಪಿಯ ಶಶಿಕಲಾ ಜೊಲ್ಲೆಯವರ ಎದುರು ಎರಡನೆಯವರಾದದ್ದು ಎನ್‌ಸಿಪಿಯ ಉತ್ತಮ ಪಾಟೀಲ. ಅಂಬೇಡ್ಕರರ ಹೆಸರಿರುವ ನೆಲದಲ್ಲಿ, ತಂಬಾಕು ಹೆಂಗಸರು ಸಂಘ ಕಟ್ಟಿದ ಊರಲ್ಲಿ, ಪ್ರಗತಿಪರರ ಪಕ್ಷ ಅನ್ನಿಸಿಕೊಂಡದ್ದಕ್ಕೆ ಮೂರನೆಯ ಜಾಗ. ಇದರ ಬಗ್ಗೆ ಪಕ್ಷದ ಒಂದು ಆತ್ಮಾವಲೋಕನ ಸಭೆಗೆ ಯಾರಾದರೂ ನನ್ನಲ್ಲಿ ಹ್ಯಾಂಡ್‌ಬಿಲ್ ಹಾಕಿಸಲು ಬಂದಾರೆಂದು ಕಾದಿದ್ದೆ. ಯಾರೂ ಬರಲಿಲ್ಲ.

2024ರ ಲೋಕಸಭೆಗೆ ಚಿಕ್ಕೋಡಿಯಿಂದ ಸತೀಶ ಜಾರಕಿಹೊಳಿಯವರ ಮಗಳು ಪ್ರಿಯಾಂಕಾ ನಿಂತರು. ಇಪ್ಪತ್ತೇಳರ ಹರೆಯದ ಪರಿಶಿಷ್ಟ ಪಂಗಡದ ಹೆಣ್ಣುಮಗಳು ಸಾಮಾನ್ಯ ಕ್ಷೇತ್ರದಿಂದ ಗೆಲ್ಲುವುದು ಸಣ್ಣ ಸಂಗತಿಯಲ್ಲ. ಸುಮಾರು 90 ಸಾವಿರ ಮತಗಳಿಂದ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆಯವರನ್ನು ಸೋಲಿಸಿದರು, ನನಗೆ ಸಂತೋಷವಾಯಿತು. ಆದರೆ ಆ ಸಲ ಕರ್ನಾಟಕದಲ್ಲಿ ಕಾಂಗ್ರೆಸ್ ಟಿಕೆಟ್ ಪಡೆದ ಮಂತ್ರಿಗಳ ಮಕ್ಕಳು ಇವರೊಬ್ಬರೇ ಅಲ್ಲ. ಪಕ್ಕದ ಬೆಳಗಾವಿಯಲ್ಲೂ ಮಂತ್ರಿಯ ಮಗ, ಬಾಗಲಕೋಟೆಯಲ್ಲೂ ಮಂತ್ರಿಯ ಮಗಳು. ಸ್ಮಶಾನದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ, ಊರೂರು ತಿರುಗಿ ಭಾಷಣ ಮಾಡಿ ಗಂಟಲು ಹರಿದುಕೊಂಡ ಹುಡುಗಿಯರಲ್ಲಿ ಒಬ್ಬಳಿಗಾದರೂ ಜಿಲ್ಲಾ ಪಂಚಾಯ್ತಿಯ ಟಿಕೆಟ್ ಸಿಕ್ಕೀತೇ ಎಂದು ನೋಡಿದರೆ, ಆ ಚುನಾವಣೆಯೇ ಇಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ ಮುಗಿದದ್ದು 2021ರಲ್ಲಿ. ಬಿಜೆಪಿಯವರು ನಡೆಸಲಿಲ್ಲ, ನಮ್ಮವರು ಬಂದ ಮೇಲೂ 2025 ಮುಗಿಯುವವರೆಗೆ ನಡೆಸಲಿಲ್ಲ. ಸಾಮಾನ್ಯ ಮನೆಯ ಕಾರ್ಯಕರ್ತ ಮೇಲೆ ಬರುವ ಏಣಿಯ ಮೊದಲ ಮೆಟ್ಟಿಲೇ ಅದು.

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ನಡೆಸಿದ ಬೆಳಗಾವಿ ಅಧಿವೇಶನದಲ್ಲಿ, ಸದಸ್ಯರಾಗಬೇಕಾದರೆ ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕೆಂಬ ನಿಯಮ ಒಪ್ಪಿಕೊಂಡರು. ಅದು ಬಹಳ ದಿನ ನಡೆಯಲಿಲ್ಲ. ಆದರೂ ಪಕ್ಷದವನು ಅನ್ನಿಸಿಕೊಳ್ಳಲು ಕೈಯಿಂದ ಏನಾದರೂ ಕೆಲಸ ಮಾಡಿರಬೇಕು ಎಂಬ ವಿಚಾರ ಅಲ್ಲಿತ್ತು. ನೂರು ವರ್ಷದ ನೆನಪಿಗೆ 2024ರಲ್ಲಿ ಬೆಳಗಾವಿಯ ಬೀದಿಗಳಿಗೆಲ್ಲ ದೀಪ ಹಾಕಿದರು. ನೂಲಿನ ಮಾತನ್ನು ಯಾರೂ ಎತ್ತಲಿಲ್ಲ.

ಈಗ ಡಿಸಿಸಿ ಬ್ಯಾಂಕಿನ ಸಂಗತಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ರಾಜಕೀಯದ ಬೇರು ಅಲ್ಲಿದೆ. ರೈತನಿಗೆ ಬಡ್ಡಿಯಿಲ್ಲದ ಬೆಳೆಸಾಲ ಬರುವುದು ಊರಿನ ಪಿಕೆಪಿಎಸ್‌ನಿಂದ, ಅಂದರೆ ಸೊಸೈಟಿಯಿಂದ. ಸೊಸೈಟಿಗೆ ಹಣ ಬರುವುದು ಬೆಳಗಾವಿಯ ಡಿಸಿಸಿ ಬ್ಯಾಂಕಿನಿಂದ. ಬ್ಯಾಂಕಿಗೆ ತಾಲ್ಲೂಕಿನಿಂದ ನಿರ್ದೇಶಕರು ಆರಿಸಿ ಹೋಗುತ್ತಾರೆ, ಮತ ಹಾಕುವವರು ಸೊಸೈಟಿಗಳ ಪ್ರತಿನಿಧಿಗಳು. ಪ್ರತಿ ಸೊಸೈಟಿ ಒಬ್ಬನ ಹೆಸರಿಗೆ ಠರಾವು ಮಾಡಿ ಕೊಡುತ್ತದೆ. ಆ ಠರಾವು ಯಾರ ಹೆಸರಿಗೆ ಎಂಬುದರ ಮೇಲೆ ಊರಿನ ಯಜಮಾನಿಕೆ ನಿಂತಿದೆ. ಜೂನ್‌ನಲ್ಲಿ ಬೀಜ ಗೊಬ್ಬರಕ್ಕೆ ಸಾಲ ಬೇಕಾದವನು ಮೇ ತಿಂಗಳಲ್ಲಿ ಸೊಸೈಟಿಯ ಚೇರ್ಮನ್ನರ ಎದುರು ಮಾತಾಡುತ್ತಾನೆಯೇ? ಕಬ್ಬಿಗೂ ಹಾಗೇ. ಕಾರ್ಖಾನೆಯವರು ಕಡಿಯುವ ಗ್ಯಾಂಗು ಕಳಿಸುವುದು ಒಂದು ತಿಂಗಳು ತಡವಾದರೆ ಕಬ್ಬು ಒಣಗಿ ತೂಕ ಇಳಿಯುತ್ತದೆ. ಸಕ್ಕರೆ ಕಾರ್ಖಾನೆಗಳ ಮಾಲೀಕರು, ಆಡಳಿತ ಮಂಡಳಿಯವರು ಎರಡೂ ಪಕ್ಷಗಳಲ್ಲಿದ್ದಾರೆ.

2025ರ ಅಕ್ಟೋಬರಿನಲ್ಲಿ ಆ ಬ್ಯಾಂಕಿಗೆ ಚುನಾವಣೆ ನಡೆಯಿತು. ಒಂದು ಕಡೆ ಬಿಜೆಪಿಯ ಬಾಲಚಂದ್ರ ಜಾರಕಿಹೊಳಿ, ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ, ಅವರ ಜತೆ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ. ಇನ್ನೊಂದು ಕಡೆ ಕಾಂಗ್ರೆಸ್ಸಿನ ಲಕ್ಷ್ಮಣ ಸವದಿ, ಅವರ ಜತೆ ಮಾಜಿ ಸಂಸದ ರಮೇಶ ಕತ್ತಿ. ನವೆಂಬರಿನಲ್ಲಿ ಜೊಲ್ಲೆಯವರು ಅಧ್ಯಕ್ಷರಾದರು, ಕಾಂಗ್ರೆಸ್ ಶಾಸಕ ರಾಜು ಕಾಗೆಯವರು ಉಪಾಧ್ಯಕ್ಷರಾದರು, ಇಬ್ಬರೂ ಅವಿರೋಧವಾಗಿ. ಅದಕ್ಕೆ ಒಂದೂವರೆ ವರ್ಷ ಮೊದಲು, ಇದೇ ಜೊಲ್ಲೆಯವರನ್ನು ಸೋಲಿಸದಿದ್ದರೆ ಸಂವಿಧಾನ ಉಳಿಯುವುದಿಲ್ಲ ಎಂದು ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಸಹಕಾರಿ ಚುನಾವಣೆಯಲ್ಲಿ ಪಕ್ಷ ಇರುವುದಿಲ್ಲ ಎನ್ನುವುದು ಎಲ್ಲರೂ ಕೊಡುವ ಉತ್ತರ. ಹಾಗಾದರೆ ಊರಲ್ಲಿ ನಾವು ಯಾಕೆ ಮಾತು ಬಿಟ್ಟೆವು? ಜುಗೂಳದಂಥ ಹಳ್ಳಿಗಳಲ್ಲಿ ಅಣ್ಣ ತಮ್ಮಂದಿರು ಹಸ್ತ, ಕಮಲ ಎಂದು ಒಂದೇ ಬಾವಿಯ ನೀರಿಗೆ ಜಗಳಾಡಿದ್ದು ಯಾತಕ್ಕೆ? ಅದೇ ಜುಗೂಳದಲ್ಲಿ 2024ರ ಪ್ರಚಾರದ ಸಭೆಯಲ್ಲಿ ಕಾಗೆಯವರು, ಲೀಡ್ ಕೊಡದಿದ್ದರೆ ಊರಿನ ಕರೆಂಟು ತೆಗೆಸುವುದಾಗಿ ಹೇಳಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂತು. 2019ರಲ್ಲಿ ನೀರಲ್ಲಿ ನಿಂತ ಊರದು.

ಇನ್ನೊಂದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. 2025ರ ಜೂನ್‌ನಲ್ಲಿ ಇದೇ ರಾಜು ಕಾಗೆಯವರು ತಮ್ಮದೇ ಸರ್ಕಾರದ ವಿರುದ್ಧ ಬಹಿರಂಗವಾಗಿ ಮಾತಾಡಿದರು. ಕ್ಷೇತ್ರಕ್ಕೆ ಕೊಟ್ಟ 25 ಕೋಟಿಯ ವಿಶೇಷ ಅನುದಾನದ ಕೆಲಸ ಎರಡು ವರ್ಷವಾದರೂ ಶುರುವಾಗಿಲ್ಲ, ಆಡಳಿತ ಕುಸಿದಿದೆ, ರಾಜೀನಾಮೆ ಕೊಟ್ಟರೂ ಅಚ್ಚರಿಯಿಲ್ಲ ಅಂದರು. ಸರ್ಕಾರ ಎರಡು ದಿನ ಗಡಬಡಿಸಿತು. ಶಾಸಕನೊಬ್ಬ ಸಿಟ್ಟು ಮಾಡಿದರೆ ಮುಖ್ಯಮಂತ್ರಿ ಕರೆದು ಮಾತಾಡುತ್ತಾರೆ. ಅದೇ ಮಾತನ್ನು ನಮ್ಮಂಥವರು ಆಡಿದರೆ, ಈಗ ಮಾತಾಡಬೇಡಿ, ಆ ಕಡೆಯವರಿಗೆ ಲಾಭವಾಗುತ್ತದೆ ಅನ್ನುತ್ತಾರೆ. ಚುನಾವಣೆಗೆ ಮೊದಲು ಮಾತಾಡಿದರೆ ಮತ ಒಡೆಯುತ್ತದೆ, ಆದ ಮೇಲೆ ಮಾತಾಡಿದರೆ ಸರ್ಕಾರ ದುರ್ಬಲವಾಗುತ್ತದೆ. ಪಂಚಾಂಗದಲ್ಲಿ ನಮಗೊಂದು ಮುಹೂರ್ತವೇ ಇಲ್ಲ.

ಹಾಗೆಂದು ಕಮಲಕ್ಕೆ ಹೋಗುವ ಮಾತಿಲ್ಲ. ಸುತ್ತಲಿನ ಗೆಳೆಯರಲ್ಲಿ ಕೆಲವರು ಸಿಟ್ಟಿಗೆ ಹೋದರು. ಅಲ್ಲಿ ಅವರಿಗೆ ಮಾತಾಡುವ ಮುಹೂರ್ತ ಸಿಕ್ಕಿದ್ದನ್ನು ನಾನು ಕಾಣೆ. ಕಾಂಗ್ರೆಸ್ ಸರ್ಕಾರ ಏನೂ ಮಾಡಿಲ್ಲ ಎನ್ನುವವರೊಂದಿಗೂ ನಾನು ಜಗಳಾಡುತ್ತೇನೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅಥಣಿಯ ಬಸ್ ಸ್ಟ್ಯಾಂಡು ನೋಡಬೇಕು. ಮೊದಲು ಗಂಡನನ್ನೋ ಮಗನನ್ನೋ ರೊಕ್ಕ ಕೇಳಿ ದವಾಖಾನೆಗೆ ಹೋಗುತ್ತಿದ್ದ ಹೆಂಗಸರು ಈಗ ಆಧಾರ್ ಕಾರ್ಡು ಕುಪ್ಪಸದಲ್ಲಿಟ್ಟುಕೊಂಡು ತಾವೇ ಹತ್ತುತ್ತಾರೆ. ನನ್ನ ನಾದಿನಿ ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಕೂಡಿಸಿ ಹೊಲಿಗೆ ಮಷೀನು ತಗೊಂಡಳು. ಇದು ಪಕ್ಷ ಮಾಡಿದ ಕೆಲಸ, ಇದಕ್ಕೆ ನನ್ನ ಮತ ಸಂದಿದೆ. ಸಂದಾಯವಾದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ಕರಾರು ಮಾತ್ರ ನಾನು ಮಾಡಿಕೊಂಡಿಲ್ಲ.

ನನ್ನ ಯೋಚನೆ ಒಂದು ರೂಪಕ್ಕೆ ಬಂದದ್ದು ಗುರ್ಲಾಪುರ ಕ್ರಾಸಿನಲ್ಲಿ. 2025ರ ಅಕ್ಟೋಬರ್ ಕೊನೆಗೆ ಮೂಡಲಗಿ ತಾಲ್ಲೂಕಿನ ಆ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ಅಥಣಿ, ಚಿಕ್ಕೋಡಿ, ರಾಯಬಾಗದ ರಸ್ತೆಗಳೂ ಬಂದಾದವು, ಅಂಗಡಿಗಳು ಮುಚ್ಚಿದವು, ಕಾಲೇಜು ಹುಡುಗರು ಬಂದು ಸೇರಿಕೊಂಡರು. ನಾನು ಹೋದ ದಿನ ರಸ್ತೆಯ ಮೇಲೆಯೇ ಒಲೆ ಹೂಡಿ ಹಳ್ಳಿಹಳ್ಳಿಯಿಂದ ಬಂದ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು. ನನಗೆ 1981ರ ಹೆದ್ದಾರಿ ಕಣ್ಣಿಗೆ ಬಂತು. ಪಕ್ಕದಲ್ಲಿದ್ದ ಹಿರಿಯರನ್ನು, ನೀವು ಯಾವ ಪಾರ್ಟಿಯವರು ಎಂದು ಕೇಳಿದೆ. "ನಾ ಪೈಲೇದಿಂದ ಕಮಲ, ಇವ ನಮ್ಮ ಬೀಗ, ಇವಂದು ಕಾಂಗ್ರೆಸ್. ಇಲ್ಲಿ ಕಬ್ಬಿಂದಷ್ಟs ಮಾತ ಆಡೂದು ಅಂತ ಠರಾಸೇವಿ" ಅಂದರು. ಎಲ್ಲ ಪಕ್ಷಗಳವರೂ ಬಂದು ಹೋದರು. ಮಂತ್ರಿಗಳು ಬಂದರು, ರೈತರು ಏಳಲಿಲ್ಲ. ನವೆಂಬರ್ 7ರಂದು ಬೆಂಗಳೂರಿನಲ್ಲಿ ಕಾರ್ಖಾನೆಯವರನ್ನು ಕೂಡಿಸಿಕೊಂಡು ಮುಖ್ಯಮಂತ್ರಿಗಳು 3,300ಕ್ಕೆ ಒಪ್ಪಿಸಿದರು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಕೇಳಿದ್ದು ಪೂರ್ತಿ ಸಿಗಲಿಲ್ಲ. ಆದರೆ ಎರಡೂ ಪಕ್ಷಗಳ ಕಾರ್ಖಾನೆ ಮಾಲೀಕರು ಒಂದೇ ಮೇಜಿಗೆ ಬಂದು ಕೂರಬೇಕಾಯಿತು. ನಾವು ಪ್ರಗತಿಪರರು ಅನ್ನಿಸಿಕೊಂಡವರು ಇಷ್ಟು ವರ್ಷ ಪಕ್ಷದೊಳಗೆ ಮನವಿ ಕೊಟ್ಟು ಸಾಧಿಸದ್ದನ್ನು ಆ ರೈತರು ಪಕ್ಷವನ್ನು ಮನೆಯಲ್ಲಿ ಬಿಟ್ಟುಬಂದು ಎಂಟೊಂಬತ್ತು ದಿನದಲ್ಲಿ ಸಾಧಿಸಿದರು. ಅವ್ವನ ಸಂಘವೂ ಹಾಗೆಯೇ ಇತ್ತು. ವಖಾರಿಯ ಮಾಲೀಕನ ಎದುರು ನಿಂತಾಗ ಯಾರ ಮನೆಯ ಬಾಗಿಲ ಮೇಲೆ ಯಾವ ಗುರುತಿದೆ ಎಂದು ಅವರು ಕೇಳಿಕೊಳ್ಳಲಿಲ್ಲ.

ಅಂದಿನಿಂದ ಕೆಲವು ವಿಷಯ ಖಚಿತ ಮಾಡಿಕೊಂಡಿದ್ದೇನೆ. ಯಾವ ಪಕ್ಷದ ಕರಪತ್ರಕ್ಕೂ ಇನ್ನು ರಿಯಾಯಿತಿ ಇಲ್ಲ, ಲಗ್ನಪತ್ರಿಕೆಯ ದರವೇ ಅವರಿಗೂ. ರೈತರ ಸಭೆ, ಹೆಣ್ಣುಮಕ್ಕಳ ಸಂಘ, ಕೇರಿಯ ಗಟಾರದ ಮನವಿ, ಇವಕ್ಕೆ ಕಾಗದದ ದುಡ್ಡು ಕೊಟ್ಟರೆ ಸಾಕು. ಅಳಿಯ, ಅವನ ಗೆಳೆಯರು, ನಿಪ್ಪಾಣಿಯ ಬೀಡಿ ಕಟ್ಟುವ ಕೆಲವು ಹೆಂಗಸರು, ಚಿಕ್ಕೋಡಿಯ ಒಬ್ಬರು ವಕೀಲರು ಸೇರಿ ಒಂದು ಹಾಳೆ ತಯಾರು ಮಾಡಿದ್ದೇವೆ. ಪಂಚಾಯ್ತಿ ಚುನಾವಣೆ ಬಂದಾಗ ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ನಿಲ್ಲುವವರ ಮನೆಗೆ ಒಯ್ದು ಕೊಡುವುದಕ್ಕೆ. ಗೆದ್ದ ಪಕ್ಷ ಬಿಡುವುದಾದರೆ ಮೊದಲು ಸೀಟು ಬಿಟ್ಟು, ಆ ಅವಧಿ ಮುಗಿಯುವವರೆಗೆ ಮತ್ತೆ ನಿಲ್ಲದೆ ಇರುತ್ತೀರಾ? ಪರಿಶಿಷ್ಟರ ಅನುದಾನ ಯಾವ ಕೇರಿಗೆ ಎಷ್ಟು ಬಂತು ಎಂದು ವರ್ಷಕ್ಕೊಮ್ಮೆ ಪಂಚಾಯ್ತಿ ಗೋಡೆಗೆ ಬರೆಸುತ್ತೀರಾ? ಖಿಳೇಗಾಂವ ಬಸವೇಶ್ವರ ಏತ ನೀರಾವರಿಯ ನೀರು ಕಾಗವಾಡದ ಒಣ ಹಳ್ಳಿಗಳಿಗೆ ಯಾವ ತಿಂಗಳು ಬರುತ್ತದೆ? ನಿಮ್ಮ ಸೊಸೈಟಿಯ ಠರಾವನ್ನು ಸದಸ್ಯರ ಸಭೆಯಲ್ಲಿ ಕೈಯೆತ್ತಿಸಿ ಮಾಡುತ್ತೀರಾ? ಕೆಳಗೆ ಸಹಿಗೆ ಜಾಗ ಬಿಟ್ಟಿದ್ದೇವೆ, ಅದರ ಕೆಳಗೆ ಮುದ್ರಕರ ಹೆಸರು.

ಮೊದಲ ಪ್ರತಿಯನ್ನು ಹಸ್ತದ ಗುರುತಿನ ಆಕಾಂಕ್ಷಿಯೊಬ್ಬರಿಗೇ ಕೊಟ್ಟೆವು. ನಮ್ಮ ಪಕ್ಷವಲ್ಲವೇ, ಮೊದಲು ಅವರನ್ನೇ ಕೇಳಬೇಕು. ನಿಂತಲ್ಲೇ ಪೂರ್ತಿ ಓದಿದರು. ನೀರಾವರಿಯದಕ್ಕೂ ಗೋಡೆ ಬರಹದ್ದಕ್ಕೂ ಒಪ್ಪಿದರು. ಠರಾವಿನದನ್ನು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮುಂದಿನ ವಾರ ಮತ್ತೆ ಹೋಗುವವರಿದ್ದೇವೆ.